ರೋಗಿಯ ಹೆಸರು

ಇಕಾ ಊರಿನ ಆಸ್ಪತ್ರೆ, ರಾತ್ರಿ ಪಾಳಿ.
ಸೋಪಿನ ಪುಡಿಯ ರಟ್ಟಿನ ಪೆಟ್ಟಿಗೆಯೊಂದನ್ನು
ಎದೆಗವಚಿಕೊಂಡು ಬಂದ ನೆಮೇಸಿಯೊ,
ಮರಳುಗಾಡಿನ ಗೋರಿ ಬಗೆದು ಬದುಕುವವನು.
ಹಿಂದೆಯೇ ಮೂವರು: ಟೈ ಕಟ್ಟಿದ ಇಂಜಿನಿಯರು,
ಲೀಮಾದ ಕ್ಯಾಮೆರಾದವನು,
ಸರಕಾರದ ಮುದ್ರೆಯ ಫೈಲು ಹಿಡಿದ ಹೆಂಗಸು.
'ಎದುವಿಹಿಸ್, ಒಂದೇ ಒಂದು ಎಕ್ಸ್‌ರೇ,' ಅಂದ,
'ಯಾರಿಗೂ ಗೊತ್ತಾಗಬಾರದು.'
ಇಷ್ಟು ಜನರನ್ನು ಕಟ್ಟಿಕೊಂಡು!

ಬಿಚ್ಚಿದೆ. ಮೊಳದುದ್ದದ ಮೈ,
ಹಿಟ್ಟಿನಲ್ಲಿ ಹೊರಳಿದ ಹಲ್ಲಿಯಂತೆ ಬೆಳ್ಳಗೆ.
ಮುಟ್ಟಿದರೆ ಕೈಗೆಲ್ಲ ಪುಡಿ.
ಕಣ್ಣಿರಬೇಕಾದಲ್ಲಿ
ನಮ್ಮೂರ ಬಿಳಿ ಅವರೆಯಷ್ಟು ಎರಡು ಸೀಳು.
ಕೈಗೆ ಮೂರು ಬೆರಳು, ಕಾಲಿಗೆ ಮೂರು.

ನಮ್ಮ ಯಂತ್ರ ಹಳೆಯದು, ಹಟಮಾರಿ.
ರೋಗಿಯ ಹೆಸರು ಹಾಕದೆ ಮುಂದಕ್ಕೆ ಹೋಗುವುದಿಲ್ಲ.
'ನಕ್ಷತ್ರದವನು ಅಂತ ಹಾಕಿ,' ಇಂಜಿನಿಯರು.
'ಮೋಸದ ಮಾಲು, ಸಂಖ್ಯೆ ಮೂರು,' ಸರಕಾರ.
ಕ್ಯಾಮೆರಾದವನು ಕೆಂಪು ದೀಪ ಹೊತ್ತಿಸಿ
ನನ್ನ ಬಾಯನ್ನೇ ಕಾದ.
ಬರೆದೆ: ಗೊತ್ತಿಲ್ಲ.
ವಯಸ್ಸು: ಗೊತ್ತಿಲ್ಲ. ಒಪ್ಪಲಿಲ್ಲ, ಅಂಕಿಯೇ ಬೇಕಂತೆ.
ಸೊನ್ನೆ ಹಾಕಿದೆ.

ಉಸಿರು ಹಿಡಿ, ಅಂದೆ. ಅಭ್ಯಾಸಬಲ.
ಯಾರೂ ನಗಲಿಲ್ಲ.

ಮೊದಲು ಕಂಡದ್ದು ತಲೆ. ಲಾಮಾದ ಬುರುಡೆ,
ಹಿಂದುಮುಂದಾಗಿ ಕೂರಿಸಿದ್ದು,
ಮಿದುಳಿದ್ದ ಗೂಡೇ ಈಗ ಮುಖ.
ತಲೆಬುಡವಿಲ್ಲದ್ದು ಅನ್ನುತ್ತಾರಲ್ಲ,
ಇದಕ್ಕೆ ತಲೆಯಿತ್ತು, ತನ್ನದಲ್ಲ.
ಪಕ್ಕೆಲುಬು ಯಾವ ಹಕ್ಕಿಯದೋ. ತೊಡೆ ಎರಡು, ಅಳತೆಯೂ ಎರಡು.
ಕೀಲುಕೀಲಿಗೂ ಅಂಟಿನ ಮೋಡ.
'ನೋಡಿದಿರಾ!' ಇಬ್ಬರೂ ಒಟ್ಟಿಗೇ ಕೂಗಿದರು,
ಇಬ್ಬರಿಗೂ ತಂತಮಗೆ ಬೇಕಾದದ್ದು ಕಂಡಿತ್ತು.
ಜಗಳ ಕಾರಿಡಾರಿಗೆ ಹರಿಯಿತು,
ಕ್ಯಾಮೆರಾ ಅದರ ಬೆನ್ನಿಗೆ.

ನಾನು ಕೈ ನೋಡತೊಡಗಿದೆ.

ಇದು ಲಾಮಾ ಅಲ್ಲ.
ಇಪ್ಪತ್ತೆರಡು ವರ್ಷ ಮಕ್ಕಳ ಕೈ ನೋಡಿದವಳು ನಾನು,
ಗೋಡೆಯಿಂದ ಬಿದ್ದದ್ದು, ಕತ್ತೆಯಿಂದ ಬಿದ್ದದ್ದು,
ರಿಕ್ಷಾ ಬಾಗಿಲಿಗೆ ಸಿಕ್ಕಿದ್ದು.
ಬೆರಳ ಮೂಳೆಯ ಬುಡದಲ್ಲಿ ಎಳೆಗಪ್ಪು ಗೆರೆ,
ಇನ್ನೂ ಬೆಳೆಯುವುದಿದೆಯೆಂದು ಮೈ ಬಿಟ್ಟುಕೊಂಡ ಜಾಗ.
ಆರು ವರ್ಷ. ಹೆಚ್ಚೆಂದರೆ ಏಳು.

ಹೆಬ್ಬೆರಳು ಕಿತ್ತಿದ್ದಾರೆ. ಕಿರುಬೆರಳೂ.
ಉಳಿದ ಮೂರರ ಗೆಣ್ಣು ಅದಲುಬದಲು,
ತುದಿ ಬುಡಕ್ಕೆ, ಬುಡ ತುದಿಗೆ.
ತೋರುಬೆರಳು ತಿರುಗಿ ನಿಂತು
ತನ್ನ ಮುಂಗೈಯನ್ನೇ ತೋರುತ್ತಿತ್ತು.

ನೆಮೇಸಿಯೊ ಬಾಗಿಲಲ್ಲೇ ಇದ್ದ. 'ಎಷ್ಟು ಬಾಳಬಹುದು?'
'ಗೋರಿಯಲ್ಲಿ ಇನ್ನೇನಿತ್ತು?'
'ಕಂದು ಹತ್ತಿಯ ಬಟ್ಟೆ. ಒಂದು ಹಿಡಿ ಜೋಳ. ಗಿಣಿಯ ಗರಿ.'
ಉಗುಳು ನುಂಗಿದ. 'ಚೆನ್ನಾಗಿ ಸುತ್ತಿದ್ದರು,
ಚಳಿಯಾಗದ ಹಾಗೆ.'
'ಬಟ್ಟೆ?'
'ಗಾಳಿಗೆ ಪುಡಿಯಾಯ್ತು.'
'ಕಿರುಬೆರಳು?'
'ಅಂಟಿಸಿದ್ದು ನಾನಲ್ಲ,' ಎಂದು
ಕೈ ಎರಡನ್ನೂ ಜೇಬಿಗಿಳಿಸಿದ.

ಹೊಸ ರೋಗಿಯ ಪುಟ ತೆರೆದೆ.
ಎಡಗೈ. ವಯಸ್ಸು ಆರು.
ಗಂಡೋ ಹೆಣ್ಣೋ, ಆ ಪ್ರಾಯದ ಬೆರಳು ಹೇಳುವುದಿಲ್ಲ.
ಹೆಸರಿನ ಜಾಗಕ್ಕೆ, ಬೆಟ್ಟದ ಮೇಲಿನ ನನ್ನಜ್ಜಿ
ಮೊಮ್ಮಕ್ಕಳ ಹೆಸರು ಮರೆತಾಗಲೆಲ್ಲ ಕರೆಯುತ್ತಿದ್ದುದನ್ನೇ ಹಾಕಿದೆ:
ವಾವಾ. ಕೂಸು.
ಯಂತ್ರ ಒಪ್ಪಿತು. ವಿಳಾಸ ಕೇಳಿತು.
ಹೊರಗೆ ಅವರೂ ವಿಳಾಸಕ್ಕೇ ಕಚ್ಚಾಡುತ್ತಿದ್ದರು,
ಆಕಾಶ ಅಂತ ಒಬ್ಬರು,
ಯಾವನದೋ ಹಿತ್ತಿಲ ಶೆಡ್ಡು ಅಂತ ಒಬ್ಬರು.

ಬೆಳಗಿನ ಜಾವ ಒಬ್ಬ ಹುಡುಗ ಬಂದ, ಮಣಿಕಟ್ಟು ಊದಿತ್ತು,
ಅಮ್ಮನ ಶಾಲಿನೊಳಗೆ ಕೈ ಬಚ್ಚಿಟ್ಟು.
ತಟ್ಟೆ ತಣ್ಣಗಿದೆ ಅಷ್ಟೇ, ಹೆದರಬೇಡ, ಅಂದೆ.
ಅದರ ಮೇಲಿನ್ನೂ ಒಂದಿಷ್ಟು ಬಿಳಿ ಪುಡಿ.
ತೋಳಿನಿಂದ ಒರೆಸಿದೆ.
ಬೆರಳು ಬಿಡಿಸಿಡು.
ಹಾಗಲ್ಲ ಕೂಸೇ, ಅಗಲ.
ಇನ್ನೂ ಅಗಲ.